ಈ ಕಂಬದಲ್ಲಿ ಎಷ್ಟು ಜನ? ಯೋಜನಾ ತಂತ್ರಾಂಶದ ಹಿಸ್ಟೋಗ್ರಾಂ ರೂಪಿಸುವ ಬಗೆ

ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯ ಬದಿಯಲ್ಲಿ ಎರಡು ಮಹಡಿಯ ಕಟ್ಟಡವೊಂದರ ಕೆಲಸ ನಡೆಯುತ್ತಿತ್ತು. ಕೆಂಪುಕಲ್ಲಿನ ಗೋಡೆ, ಕಾಂಕ್ರೀಟ್ ಸ್ಲ್ಯಾಬ್. ತಗಡಿನ ಮಾಡಿನ ಸೈಟ್ ಕಚೇರಿಯ ಗೋಡೆಗೆ, ಕೆಲಸದ ಯೋಜನೆ ಹಾಕುವ ತಂತ್ರಾಂಶದಿಂದ ಮುದ್ರಿಸಿದ ದೊಡ್ಡ ಹಾಳೆಯೊಂದನ್ನು ನಾನು ಅಂಟಿಸಿದ್ದೆ. ಅದರ ಮೇಲ್ಭಾಗದಲ್ಲಿ ಕೆಲಸಗಳ ಪಟ್ಟಿ, ಕೆಳಭಾಗದಲ್ಲಿ ತಿಂಗಳಿಗೊಂದರಂತೆ ನೀಲಿ ಕಂಬಗಳು. ಕಬ್ಬಿಣ ಕಟ್ಟುವ ತಂಡದ ಮೇಸ್ತ್ರಿ ಬಂದವರು ಫೆಬ್ರವರಿಯ ಕಂಬದ ಮೇಲೆ ಬೆರಳಿಟ್ಟು, "ಇಂಜಿನಿಯರ್ರೇ, ಈ ಕಂಬದಲ್ಲಿ ಎಷ್ಟು ಜನ ಇದ್ದಾರೆ?" ಎಂದು ಕೇಳಿದರು.

ಎಡಬದಿಯ ಅಳತೆಯಲ್ಲಿ ಕಂಬದ ತುದಿಗೆ ನೇರವಾಗಿ ಇದ್ದ ಅಂಕಿ 1,920. ಅದು ಜನರ ಲೆಕ್ಕವಲ್ಲ, ಗಂಟೆಗಳ ಲೆಕ್ಕ. ಒಬ್ಬರಿಗೆ ತಿಂಗಳಿಗೆ 192 ಗಂಟೆಯಂತೆ ನಾನು ಮನಸ್ಸಿನಲ್ಲೇ ಭಾಗಿಸಿ, "ಹತ್ತು ಜನ, ಮೇಸ್ತ್ರಿಯವರೇ" ಎಂದೆ. ಅವರು ಹತ್ತು ಜನರನ್ನು ಕರೆತಂದರು. ಮೊದಲ ಎರಡು ವಾರ ನಾಲ್ಕು ಮಂದಿಗೆ ಕೆಲಸವಿರಲಿಲ್ಲ. ಮೂರನೆಯ ವಾರ ಇಪ್ಪತ್ತೆರಡು ಜನ ಬೇಕಾದರು, ಇದ್ದವರು ಹತ್ತೇ ಮಂದಿ. ಕಾಂಕ್ರೀಟ್ ಸುರಿಯಲು ಕಟ್ಟುವ ಅಚ್ಚು, ಅಂದರೆ ಸೆಂಟ್ರಿಂಗ್, ಸಿದ್ಧವಾಗಿತ್ತು, ಕಂಬಿ ಬಂದು ಬಿದ್ದಿತ್ತು, ಕಟ್ಟುವ ಕೈಗಳಿರಲಿಲ್ಲ. ತಂತ್ರಾಂಶ ಕೂಡಿಸಿದ್ದರಲ್ಲಿ ತಪ್ಪೇನೂ ಇರಲಿಲ್ಲ, 1,920 ಸರಿಯಾದ ಮೊತ್ತವೇ. ಆ ಮೊತ್ತಕ್ಕೆ ನಾನು ಕೊಟ್ಟ ರೂಪ ತಪ್ಪಾಗಿತ್ತು.

ಈ ಕಂಬಗಳ ಚಿತ್ರಕ್ಕೆ ಹಿಸ್ಟೋಗ್ರಾಂ ಎನ್ನುತ್ತಾರೆ. ಅದರ ರೂಪವನ್ನು ಬದಲಾಯಿಸುವುದೆಂದರೆ ಬಣ್ಣ ಬಳಿಯುವುದು ಎಂದೇ ಹಲವರು ತಿಳಿದಿದ್ದಾರೆ. ಎಷ್ಟೋ ತರಬೇತಿಗಳಲ್ಲಿ ಇದನ್ನು ಕೊನೆಯ ಅರ್ಧ ಗಂಟೆಗೆ ತಳ್ಳಿಬಿಡುತ್ತಾರೆ. ನನ್ನ ಅಭಿಪ್ರಾಯ ಇದಕ್ಕೆ ನೇರ ವಿರುದ್ಧ. ಕಂಬದ ಅಗಲ, ಅಳತೆಯ ಮಾನ, ಮಿತಿಯ ಗೆರೆ, ಬಣ್ಣ ಇವೆಲ್ಲ ಒಂದೊಂದು ಪ್ರಶ್ನೆಗೆ ಕೊಡುವ ಉತ್ತರ. ಯಾವ ಪ್ರಶ್ನೆ ಎಂಬುದನ್ನು ಮೊದಲು ನಿರ್ಧರಿಸದೆ ಮೌಸ್ ಮುಟ್ಟಬಾರದು.

ಕಂಬ ಹುಟ್ಟುವ ಬಗೆ

ಶಾಲೆಯಲ್ಲಿ ಕಲಿತ ಹಿಸ್ಟೋಗ್ರಾಂ ಬೇರೆ, ಇದು ಬೇರೆ. ಸಂಖ್ಯಾಶಾಸ್ತ್ರದಲ್ಲಿ, ಕಾರ್ಲ್ ಪಿಯರ್ಸನ್ 1890ರ ದಶಕದಲ್ಲಿ ಆ ಪದವನ್ನು ಬಳಕೆಗೆ ತಂದಾಗಿನಿಂದ, ಹಿಸ್ಟೋಗ್ರಾಂ ಎಂದರೆ ಯಾವ ವರ್ಗಾಂತರದಲ್ಲಿ ಎಷ್ಟು ಮಂದಿ ಇದ್ದಾರೆ ಎಂದು ತೋರಿಸುವ ಚಿತ್ರ: ನಲವತ್ತರಿಂದ ಐವತ್ತು ಅಂಕ ಪಡೆದವರು ಇಷ್ಟು, ಐವತ್ತರಿಂದ ಅರುವತ್ತು ಪಡೆದವರು ಇಷ್ಟು. ಯೋಜನಾ ತಂತ್ರಾಂಶದಲ್ಲಿ ಅಡ್ಡ ಅಕ್ಷದ ಮೇಲೆ ಅಂಕಗಳ ಬದಲು ಕಾಲ ಇರುತ್ತದೆ. ಲಂಬ ಅಕ್ಷದ ಮೇಲೆ ಆ ಅವಧಿಯಲ್ಲಿ ಬೇಕಾಗುವ ಸಂಪನ್ಮೂಲ ಇರುತ್ತದೆ. ಅದು ಜನರಿರಬಹುದು, ಜೆಸಿಬಿ ಇರಬಹುದು, ಸಿಮೆಂಟಿನ ಚೀಲವಿರಬಹುದು, ಹಣವೂ ಇರಬಹುದು.

ನನ್ನ ಆ ಫೆಬ್ರವರಿಯನ್ನೇ ಬಿಡಿಸಿ ನೋಡೋಣ. ಆ ವರ್ಷ ಫೆಬ್ರವರಿ ಭಾನುವಾರ ಆರಂಭವಾಗಿ ಶನಿವಾರ ಮುಗಿದಿತ್ತು. ಅಂದರೆ ಸರಿಯಾಗಿ ನಾಲ್ಕು ವಾರ, ಭಾನುವಾರ ಕಳೆದರೆ 24 ಕೆಲಸದ ದಿನ. ಕಬ್ಬಿಣ ಕಟ್ಟುವವರಿಗೆ ತಿಂಗಳು ಪೂರ್ತಿ ಪಿಲ್ಲರುಗಳ ಕೆಲಸ ಇತ್ತು, ದಿನಕ್ಕೆ 6 ಜನ. ಮೂರನೆಯ ವಾರ ಅದರ ಮೇಲೆ ಸ್ಲ್ಯಾಬಿನ ಕೆಲಸ ಬಂತು, ದಿನಕ್ಕೆ ಇನ್ನು 12 ಜನ. ಆ ವಾರದ ಕೊನೆಯ ಎರಡು ದಿನ ಮೆಟ್ಟಿಲು ಮತ್ತು ನೀರಿನ ಟ್ಯಾಂಕಿನ ತಳದ ಕೆಲಸವೂ ಸೇರಿ ಮತ್ತೆ 12 ಜನ. ತಂತ್ರಾಂಶ ಮಾಡುವುದು ಇಷ್ಟೇ: ಪ್ರತಿ ಕೆಲಸಕ್ಕೆ ನಾವು ಕೊಟ್ಟ ಗಂಟೆಗಳನ್ನು ಆ ಕೆಲಸದ ದಿನಗಳ ಮೇಲೆ ಹರಡುತ್ತದೆ, ಬಳಿಕ ಒಂದೇ ದಿನಕ್ಕೆ ಬಿದ್ದುದನ್ನೆಲ್ಲ ಒಂದರ ಮೇಲೊಂದು ಪೇರಿಸುತ್ತದೆ. ಆ ವಾರದ ನಾಲ್ಕು ದಿನ 18 ಜನ, ಎರಡು ದಿನ 30 ಜನ. ಒಟ್ಟು 132 ಆಳುದಿನ, ದಿನಕ್ಕೆ ಸರಾಸರಿ 22.

ಈಗ ಇದೇ ಲೆಕ್ಕವನ್ನು ಮೂರು ಅಗಲಗಳಲ್ಲಿ ನೋಡಬಹುದು. ಕಂಬಕ್ಕೆ ಒಂದು ತಿಂಗಳ ಅಗಲ ಕೊಟ್ಟರೆ ಒಂದೇ ಕಂಬ, 1,920 ಗಂಟೆ, ಸರಾಸರಿ 10 ಜನ. ವಾರದ ಅಗಲ ಕೊಟ್ಟರೆ ನಾಲ್ಕು ಕಂಬ: 6, 6, 22, 6. ದಿನದ ಅಗಲ ಕೊಟ್ಟರೆ 24 ಕಂಬ, ಅವುಗಳಲ್ಲಿ ಎರಡು 30ಕ್ಕೆ ಏರಿ ನಿಂತಿರುತ್ತವೆ. ನಮ್ಮ ಶೆಡ್ಡಿನಲ್ಲಿ ಆ ತಂಡಕ್ಕೆ ಮಲಗಲು ಜಾಗ ಇದ್ದುದು 12 ಮಂದಿಗೆ. ತಿಂಗಳ ಚಿತ್ರ ನೋಡಿದವನು ಎರಡು ಜಾಗ ಖಾಲಿ ಇದೆ ಎಂದುಕೊಳ್ಳುತ್ತಾನೆ. ವಾರದ ಚಿತ್ರ ನೋಡಿದವನು ಹತ್ತು ಜನಕ್ಕೆ ಬಾಡಿಗೆ ಕೋಣೆ ಹುಡುಕಲು ಹೊರಡುತ್ತಾನೆ. ದಿನದ ಚಿತ್ರ ನೋಡಿದವನು ಟ್ಯಾಂಕಿನ ತಳವನ್ನು ಮುಂದಿನ ವಾರಕ್ಕೆ ತಳ್ಳಬಹುದೇ ಎಂದು ಕೇಳುತ್ತಾನೆ. ಮೂರೂ ಚಿತ್ರಗಳ ಕೆಳಗಿರುವ ಮಾಹಿತಿ ಒಂದೇ.

ಆದ್ದರಿಂದ ರೂಪಿಸುವ ಕೆಲಸ ಬಣ್ಣದಿಂದ ಶುರುವಾಗುವುದಿಲ್ಲ, ಕಾಲಮಾನದಿಂದ ಶುರುವಾಗುತ್ತದೆ. ಬಳಕೆಯಲ್ಲಿರುವ ಯೋಜನಾ ತಂತ್ರಾಂಶಗಳಾದ ಪ್ರಿಮಾವೆರಾ ಪಿ6ರಲ್ಲಾಗಲಿ ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ನಲ್ಲಾಗಲಿ ಮೇಲಿನ ಕಾಲಪಟ್ಟಿಯ ಮೇಲೆ ಮೌಸಿನ ಬಲ ಗುಂಡಿ ಒತ್ತಿದರೆ ಟೈಮ್‌ಸ್ಕೇಲ್ ಎಂಬ ಆಯ್ಕೆ ಸಿಗುತ್ತದೆ. ಕಾಲಪಟ್ಟಿಯ ಅತಿ ಕೆಳಗಿನ ಸಾಲು ಯಾವ ಅವಧಿಯದ್ದೋ ಕಂಬದ ಅಗಲವೂ ಅಷ್ಟೇ. ಮಾಲೀಕರ ಸಭೆಗೆ ತಿಂಗಳು ಸಾಕು. ಸೈಟಿಗೆ ವಾರ. ಸ್ಲ್ಯಾಬ್ ಹಾಕುವ ಹದಿನೈದು ದಿನಗಳಿಗೆ ಮಾತ್ರ ದಿನದ ಅಗಲ. ಇಡೀ ಯೋಜನೆಗೆ ದಿನದ ಅಗಲ ಕೊಟ್ಟರೆ ಕಂಬಗಳು ಬಾಚಣಿಗೆಯ ಹಲ್ಲಿನಂತಾಗಿ ಯಾರಿಗೂ ಏನೂ ಕಾಣದು.

ಗಂಟೆಯನ್ನು ಜನರನ್ನಾಗಿ ಮಾಡುವುದು

ಮೇಸ್ತ್ರಿಗೆ ಗಂಟೆ ಬೇಡ, ತಲೆ ಬೇಕು. ತಂತ್ರಾಂಶ ಸಾಮಾನ್ಯವಾಗಿ ಗಂಟೆಗಳಲ್ಲೇ ಲೆಕ್ಕ ತೋರಿಸುತ್ತದೆ. ಇವೆರಡರ ನಡುವಿನ ಸೇತುವೆ ಕಟ್ಟುವುದು ಯೋಜಕನ ಕೆಲಸ.

ಪಿ6ರಲ್ಲಿ ಕೆಳಗಿನ ಅರ್ಧದಲ್ಲಿ ರಿಸೋರ್ಸ್ ಯೂಸೇಜ್ ಪ್ರೊಫೈಲ್ ತೆರೆದು, ಚಿತ್ರದ ಖಾಲಿ ಜಾಗದ ಮೇಲೆ ಬಲ ಗುಂಡಿ ಒತ್ತಿದರೆ ಆ ಪ್ರೊಫೈಲಿನ ಆಯ್ಕೆಗಳ ಕಿಟಕಿ ಬರುತ್ತದೆ. ಅದರಲ್ಲಿ ಎರಡು ಪುಟ: ಒಂದು ಡೇಟಾ, ಇನ್ನೊಂದು ಗ್ರಾಫ್. ಯಾವ ಕಂಬ, ಯಾವ ರೇಖೆ, ಯಾವ ಬಣ್ಣ ಎಂಬುದು ಡೇಟಾ ಪುಟದಲ್ಲಿ. ಅಡ್ಡಗೆರೆ, ನೆಟ್ಟಗೆರೆ, ಹಿನ್ನೆಲೆ, ಯಾವ ಬಣ್ಣ ಯಾವುದಕ್ಕೆ ಎಂದು ಹೇಳುವ ಸೂಚಿ ಇವು ಗ್ರಾಫ್ ಪುಟದಲ್ಲಿ. ಸರಾಸರಿ ತೆಗೆಯುವ ಒಂದು ಆಯ್ಕೆಯೂ ಅಲ್ಲಿದೆ: ಪ್ರತಿ ಅವಧಿಯ ಮೊತ್ತವನ್ನು ಇಂತಿಷ್ಟರಿಂದ ಭಾಗಿಸು ಎಂದು ಸಂಖ್ಯೆ ಕೊಡಬಹುದು, ಭಾಗಿಸಿ ಬಂದ ಮಾನಕ್ಕೆ ಹೊಸ ಹೆಸರನ್ನೂ ಕೊಡಬಹುದು. ನನ್ನ ಮಟ್ಟಿಗೆ ಇಡೀ ಕಿಟಕಿಯಲ್ಲಿ ಇದಕ್ಕಿಂತ ಉಪಯುಕ್ತವಾದದ್ದು ಇನ್ನೊಂದಿಲ್ಲ. ವಾರದ ಕಂಬವಾದರೆ 48ರಿಂದ ಭಾಗಿಸಬೇಕು, ಏಕೆಂದರೆ ಆರು ದಿನ, ದಿನಕ್ಕೆ ಎಂಟು ಗಂಟೆ. ಮೂರನೆಯ ವಾರದ 1,056 ಗಂಟೆ ಆಗ 22 ಜನವಾಗಿ ಕಾಣುತ್ತದೆ.

ತಿಂಗಳ ಕಂಬಕ್ಕೆ ಈ ಉಪಾಯವನ್ನು ಬಳಸುವಾಗ ಎಚ್ಚರ ಬೇಕು. ಭಾಜಕ ಒಂದೇ ಸಂಖ್ಯೆ, ತಿಂಗಳುಗಳು ಒಂದೇ ಅಳತೆಯವಲ್ಲ. ಆ ಫೆಬ್ರವರಿಯ 24 ದಿನಕ್ಕೆ 192 ಗಂಟೆ, ಅದರ ಬೆನ್ನಿಗೆ ಬಂದ ಮಾರ್ಚಿನಲ್ಲಿ ಐದು ಭಾನುವಾರ ಕಳೆದು 26 ದಿನಕ್ಕೆ 208 ಗಂಟೆ. 208 ಎಂದು ಕೊಟ್ಟರೆ ಫೆಬ್ರವರಿಯ ಹತ್ತು ಜನ ಒಂಬತ್ತು ಚಿಲ್ಲರೆಯಾಗುತ್ತಾರೆ. ಈ ಕಾರಣಕ್ಕಾಗಿ ಜನರ ಲೆಕ್ಕ ತೋರಿಸುವ ಚಿತ್ರವನ್ನು ನಾನು ಯಾವಾಗಲೂ ವಾರದ ಅಗಲದಲ್ಲೇ ಮಾಡುತ್ತೇನೆ. ರಜೆ ಬಂದ ವಾರದಲ್ಲಿ ಅಲ್ಲೂ ವ್ಯತ್ಯಾಸವಾಗುತ್ತದೆ. ಆ ವಾರದ ಕೆಳಗೆ ಒಂದು ಚುಕ್ಕಿ ಹಾಕಿ, ಕೆಲಸದ ದಿನ ಐದೇ ಎಂದು ಬರೆಯುತ್ತೇನೆ.

ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ನ ಹಾದಿ ಬೇರೆ. ಅಲ್ಲಿ ರಿಸೋರ್ಸ್ ಗ್ರಾಫ್ ಎಂಬ ನೋಟ ತೆರೆದು ಬಲ ಗುಂಡಿ ಒತ್ತಿದರೆ ಏನನ್ನು ತೋರಿಸಬೇಕೆಂಬ ಪಟ್ಟಿ ಬರುತ್ತದೆ: ಪೀಕ್ ಯೂನಿಟ್ಸ್, ವರ್ಕ್, ಓವರ್‌ಅಲೊಕೇಶನ್, ರಿಮೇನಿಂಗ್ ಅವೈಲಬಿಲಿಟಿ, ಕಾಸ್ಟ್ ಹೀಗೆ. ಮೊದಲ ಎರಡರ ನಡುವಿನ ವ್ಯತ್ಯಾಸ ತಿಳಿಯದೆ ಎಡವುವವರು ಬಹಳ. ವರ್ಕ್ ಎಂದರೆ ಆ ಅವಧಿಯ ಗಂಟೆಗಳ ಮೊತ್ತ. ಅಗಲ ಹೆಚ್ಚಿದಂತೆ ಕಂಬವೂ ಎತ್ತರವಾಗುತ್ತದೆ. ಪೀಕ್ ಯೂನಿಟ್ಸ್ ಎಂದರೆ ಆ ಅವಧಿಯೊಳಗೆ ಒಮ್ಮೆಯಾದರೂ ಮುಟ್ಟಿದ ಅತಿ ಹೆಚ್ಚಿನ ಮಟ್ಟ, ಅದನ್ನು ಶೇಕಡಾ ಲೆಕ್ಕದಲ್ಲಿ ತೋರಿಸುತ್ತದೆ. ಒಬ್ಬ ಪೂರ್ಣಾವಧಿ ಕೆಲಸಗಾರ 100 ಶೇಕಡಾ. ನನ್ನ ಫೆಬ್ರವರಿಯನ್ನು ತಿಂಗಳ ಅಗಲದಲ್ಲಿ ಪೀಕ್ ಯೂನಿಟ್ಸ್ ಆಗಿ ನೋಡಿದರೆ ಕಂಬ 3,000 ಶೇಕಡಾ ತೋರಿಸುತ್ತದೆ, ಅಂದರೆ 30 ಜನ, ಅದೂ ಎರಡೇ ದಿನದ ಮಟ್ಟಿಗೆ. ಅದನ್ನು ನೋಡಿ ತಿಂಗಳಿಡೀ 30 ಜನರನ್ನು ಕೂರಿಸಿಕೊಂಡರೆ ನಾನು ಮಾಡಿದ್ದಕ್ಕೆ ತದ್ವಿರುದ್ಧವಾದ ನಷ್ಟ. ಶೇಕಡಾ ಬೇಡವೆನಿಸಿದರೆ ಆಯ್ಕೆಗಳ ಕಿಟಕಿಯಲ್ಲಿ, ಕೆಲಸಗಾರರ ಪ್ರಮಾಣವನ್ನು ದಶಮಾಂಶದಲ್ಲಿ ತೋರಿಸು ಎಂದು ಬದಲಾಯಿಸಿಕೊಳ್ಳಬಹುದು. ಆಗ 3,000ದ ಜಾಗದಲ್ಲಿ ನೇರವಾಗಿ 30 ಎಂದಿರುತ್ತದೆ.

ಇನ್ನೊಂದು ಮಾತು. ತಂತ್ರಾಂಶ ತಾನಾಗಿಯೇ ಗಂಟೆಗಳನ್ನು ಸಮನಾಗಿ ಹರಡುತ್ತದೆ. ಕೆಂಪುಕಲ್ಲಿನ ಗೋಡೆ ಕಟ್ಟುವ ಕೆಲಸ ಹಾಗೆ ಸಮನಾಗಿ ನಡೆಯುವುದಿಲ್ಲ. ಮೊದಲೆರಡು ದಿನ ಕಲ್ಲು ಇಳಿಸುವುದು, ನೂಲು ಹಿಡಿಯುವುದು, ಆಮೇಲೆ ವೇಗ ಬರುವುದು, ಎತ್ತರಕ್ಕೆ ಹೋದಂತೆ ಮತ್ತೆ ನಿಧಾನ. ಇಂತಹ ಏರಿಳಿತವನ್ನು ಹೇಳಲು ಪಿ6ರಲ್ಲಿ ರಿಸೋರ್ಸ್ ಕರ್ವ್, ಪ್ರಾಜೆಕ್ಟ್‌ನಲ್ಲಿ ವರ್ಕ್ ಕಾಂಟೂರ್ ಇದೆ. ನಡುವೆ ಉಬ್ಬಿದ ದೇವಸ್ಥಾನದ ಘಂಟೆಯ ಆಕಾರ, ಮೊದಲಿಗೆ ಹೆಚ್ಚು ಕೆಲಸ ಬೀಳುವ ಮುಂಭಾರ, ಕೊನೆಗೆ ಹೆಚ್ಚು ಬೀಳುವ ಹಿಂಭಾರ ಎಂಬಂತೆ ಆರಿಸಿಕೊಳ್ಳಬಹುದು. ಸಣ್ಣ ಕೆಲಸಕ್ಕೆ ಅದರ ಗೊಡವೆ ಬೇಡ.

ಮಿತಿಯ ಗೆರೆ ಎಂಬ ಜೀವಾಳ

ಕಂಬ ಒಂಟಿಯಾಗಿ ನಿಂತರೆ ಅದು ಹೇಳುವುದು ಅರ್ಧ. 22 ಜನ ಎಂಬುದು ಹೆಚ್ಚೋ ಕಡಿಮೆಯೋ ಎಂದು ಗೊತ್ತಾಗುವುದು ನಮ್ಮಲ್ಲಿ ಎಷ್ಟು ಜನ ಇದ್ದಾರೆ ಎಂಬ ಗೆರೆ ಎಳೆದಾಗ. ಪಿ6ರ ಪ್ರೊಫೈಲಿನಲ್ಲಿ ಲಿಮಿಟ್ ಎಂಬುದಕ್ಕೆ ಗುರುತು ಹಾಕಿದರೆ ಈ ಗೆರೆ ಬರುತ್ತದೆ, ಅದನ್ನು ಮೀರಿದ ಭಾಗಕ್ಕೆ ಬೇರೆ ಬಣ್ಣ ಕೊಡಬಹುದು. ಪ್ರಾಜೆಕ್ಟ್‌ನಲ್ಲಿ ಬಾರ್ ಸ್ಟೈಲ್ಸ್ ಕಿಟಕಿಯ ಕೆಳಗಡೆ ಲಭ್ಯತೆಯ ಗೆರೆಯನ್ನು ತೋರಿಸುವ ಚೌಕವಿದೆ, ಅದರ ಪಕ್ಕದಲ್ಲೇ ಅಂಕಿಗಳನ್ನು ತೋರಿಸುವ ಚೌಕ.

ಗೆರೆ ಎಲ್ಲಿಂದ ಬರುತ್ತದೆ? ಸಂಪನ್ಮೂಲದ ವಿವರದಲ್ಲಿ ನಾವು ಕೊಟ್ಟ ಗರಿಷ್ಠ ಪ್ರಮಾಣದಿಂದ ಮತ್ತು ಆ ಸಂಪನ್ಮೂಲದ ಕ್ಯಾಲೆಂಡರಿನಿಂದ. ಹೆಚ್ಚಿನವರು 12 ಜನ ಎಂದು ಒಮ್ಮೆ ಬರೆದು ಮರೆತುಬಿಡುತ್ತಾರೆ. ಗೆರೆ ವರ್ಷವಿಡೀ ದಾರ ಕಟ್ಟಿದಂತೆ ನೇರವಾಗಿ ಹೋಗುತ್ತದೆ. ನಮ್ಮ ಊರಿನಲ್ಲಿ ಅಂಥ ನೇರ ಗೆರೆ ಇರಲು ಸಾಧ್ಯವೇ ಇಲ್ಲ. ಏಪ್ರಿಲ್ ನಡುವನ್ನೇ ನೋಡಿ. ಇಲ್ಲಿಯವರಿಗೆ ವಿಷು. ಅದೇ ದಿನಗಳಲ್ಲಿ ಅಸ್ಸಾಮಿನವರಿಗೆ ಬಿಹು. ಸೆಂಟ್ರಿಂಗ್ ತಂಡ ಅಸ್ಸಾಮಿನದ್ದು, ಕಲ್ಲು ಕಟ್ಟುವ ಮೇಸ್ತ್ರಿಗಳು ನೀರ್ಚಾಲು, ಪೆರ್ಲದ ಕಡೆಯವರು ಎಂದಾದರೆ ಇಬ್ಬರೂ ಒಂದೇ ವಾರ ಮನೆಯಲ್ಲಿರುತ್ತಾರೆ. ಊರಿನವರು ನಾಲ್ಕು ದಿನಕ್ಕೆ ಹಿಂದಿರುಗಿದರೂ ಅಸ್ಸಾಮಿಗೆ ಹೋದವರು ಬರಲು ವಾರಗಳೇ ಬೇಕು. ಆ ವಾರಗಳಲ್ಲಿ ಗೆರೆ ಕೆಳಗಿಳಿಯಲೇಬೇಕು.

ಇದನ್ನು ಮಾಡಲು ಎರಡು ದಾರಿ. ಇಡೀ ತಂಡಕ್ಕೆ ರಜೆಯಾದರೆ ಆ ಸಂಪನ್ಮೂಲದ ಕ್ಯಾಲೆಂಡರಿನಲ್ಲಿ ರಜೆ ಗುರುತಿಸಬೇಕು. ಸಂಖ್ಯೆ ಮಾತ್ರ ಕಡಿಮೆಯಾಗುವುದಾದರೆ ದಿನಾಂಕಕ್ಕೆ ತಕ್ಕಂತೆ ಗರಿಷ್ಠ ಪ್ರಮಾಣವನ್ನು ಬದಲಿಸಬೇಕು. ಪಿ6ರಲ್ಲಿ ಸಂಪನ್ಮೂಲದ ಪ್ರಮಾಣ ಮತ್ತು ದರದ ಪುಟದಲ್ಲಿ, ಇಂಥ ದಿನದಿಂದ ಇಷ್ಟು ಎಂದು ಸಾಲು ಸಾಲಾಗಿ ಬರೆಯಬಹುದು. ಪ್ರಾಜೆಕ್ಟ್‌ನಲ್ಲಿ ರಿಸೋರ್ಸ್ ಇನ್ಫರ್ಮೇಶನ್ ಕಿಟಕಿಯ ಲಭ್ಯತೆಯ ಕೋಷ್ಟಕದಲ್ಲಿ ಅದೇ ಕೆಲಸ. ಏಪ್ರಿಲ್ 10ರವರೆಗೆ 12, ಅಲ್ಲಿಂದ 30ರವರೆಗೆ 5, ಮೇ 1ರಿಂದ ಮತ್ತೆ 12 ಎಂದು ಬರೆದ ತಕ್ಷಣ ಗೆರೆ ಮೆಟ್ಟಿಲಿನಂತೆ ಇಳಿದು ಏರುತ್ತದೆ. ಅದುವರೆಗೆ ಶಾಂತವಾಗಿ ಕಾಣುತ್ತಿದ್ದ ಏಪ್ರಿಲಿನ ಕಂಬಗಳು ಗೆರೆಗಿಂತ ಮೇಲೆ ತಲೆ ಎತ್ತಿ ನಿಲ್ಲುತ್ತವೆ. ಯಾವುದೇ ಕಂಬದ ಎತ್ತರ ಬದಲಾಗಿರುವುದಿಲ್ಲ.

ಮೊದಲ ಸಲ ಹೀಗೆ ಮಾಡಿ ತೋರಿಸಿದಾಗ ಗುತ್ತಿಗೆದಾರರು ಹಾಳೆಯ ಮುಂದೆ ಬಹಳ ಹೊತ್ತು ನಿಂತಿದ್ದರು. ಬಳಿಕ ಸೆಂಟ್ರಿಂಗ್ ತಂಡದವರನ್ನು ಕರೆದು, ಯಾರು ಯಾವಾಗ ರೈಲು ಹತ್ತುತ್ತಾರೆ ಎಂದು ಮಾರ್ಚ್ ತಿಂಗಳಲ್ಲೇ ಕೇಳಿ ಬರೆದುಕೊಂಡರು. ಅದಕ್ಕಿಂತ ಮುಂಚೆ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಗೆರೆಯ ವಿಷಯದಲ್ಲಿ ಇನ್ನೊಂದು ಬಲೆಯಿದೆ. ಒಂದೇ ತಂಡ ಎರಡು ಸೈಟುಗಳಲ್ಲಿ ಕೆಲಸ ಮಾಡುತ್ತಿದ್ದರೆ, ತೆರೆದಿರುವ ಯೋಜನೆಯ ಕಂಬಗಳನ್ನು ಮಾತ್ರ ತೋರಿಸುವ ಚಿತ್ರದಲ್ಲಿ ಎರಡೂ ಸೈಟುಗಳಿಗೆ 12 ಜನ ಪೂರ್ತಿ ಸಿಗುವಂತೆ ಕಾಣುತ್ತದೆ. ಪಿ6ರಲ್ಲಿ ತೆರೆದ ಯೋಜನೆ ಮಾತ್ರವೋ ಎಲ್ಲ ಯೋಜನೆಗಳೋ ಎಂಬ ಆಯ್ಕೆ ಇದೆ. ಮಿತಿಯ ಗೆರೆ ಎಳೆದ ಮೇಲೆ ಎಲ್ಲ ಯೋಜನೆಗಳನ್ನೂ ಸೇರಿಸಿಯೇ ನೋಡಬೇಕು.

ಬಣ್ಣ, ಪದರ, ಆಕಾರ

ಬಣ್ಣದ ಕಥೆಗೆ ಈಗ ಬರಬಹುದು. ಪ್ರಾಜೆಕ್ಟ್‌ನ ಬಾರ್ ಸ್ಟೈಲ್ಸ್ ಕಿಟಕಿ ಎರಡು ಭಾಗವಾಗಿರುತ್ತದೆ. ಎಡಬದಿ ಸೋಸಿ ಆರಿಸಿದ ಎಲ್ಲ ಸಂಪನ್ಮೂಲಗಳ ಮೊತ್ತಕ್ಕೆ, ಬಲಬದಿ ಈಗ ಆರಿಸಿರುವ ಒಂದು ಸಂಪನ್ಮೂಲಕ್ಕೆ. ಪ್ರತಿಯೊಂದಕ್ಕೂ ಬಣ್ಣ, ನಮೂನೆ, ಮತ್ತು ಯಾವ ಆಕಾರದಲ್ಲಿ ತೋರಿಸಬೇಕು ಎಂಬ ಆಯ್ಕೆ: ಕಂಬ, ತುಂಬಿದ ಪ್ರದೇಶ, ಮೆಟ್ಟಿಲು, ರೇಖೆ, ಅಥವಾ ತೋರಿಸುವುದೇ ಬೇಡ. ಈ ಕೊನೆಯದ್ದನ್ನು ಧೈರ್ಯವಾಗಿ ಬಳಸಿ. ಎಡಬದಿಯ ಮೊತ್ತ ಬೇಡವಾದರೆ ತೆಗೆದುಬಿಡಿ, ಚಿತ್ರ ಹಗುರವಾಗುತ್ತದೆ.

ಜನರ ಸಂಖ್ಯೆಗೆ ಕಂಬ ಅಥವಾ ಮೆಟ್ಟಿಲು ಸರಿ. ರೇಖೆ ಸರಿಯಲ್ಲ. 6ರಿಂದ 22ಕ್ಕೆ ಓರೆಯಾಗಿ ಗೆರೆ ಎಳೆದರೆ ನಡುವೆ ದಿನಕ್ಕೊಬ್ಬರಂತೆ ಜನ ಸೇರಿಕೊಳ್ಳುತ್ತಾರೆ ಎಂಬ ಅರ್ಥ ಬರುತ್ತದೆ. ನಿಜವಾಗಿ ಅವರು ಸೋಮವಾರ ಬೆಳಿಗ್ಗೆ ಒಂದೇ ಪಿಕ್ಅಪ್‌ನಲ್ಲಿ ಬಂದಿಳಿಯುತ್ತಾರೆ. ರೇಖೆಗೆ ಯೋಗ್ಯವಾದದ್ದು ಆರಂಭದಿಂದ ಇಂದಿನವರೆಗೆ ಕೂಡುತ್ತ ಹೋಗುವ ಮೊತ್ತ. ಮೊದಲು ನಿಧಾನ, ನಡುವೆ ವೇಗ, ಕೊನೆಗೆ ಮತ್ತೆ ನಿಧಾನವಾಗಿ ಏರುವ ಆ ರೇಖೆಗೆ ಎಸ್ ಕರ್ವ್ ಎನ್ನುತ್ತಾರೆ. ಪಿ6ರಲ್ಲಿ ಅವಧಿವಾರು ಕಂಬ, ಒಟ್ಟು ರೇಖೆ ಎರಡನ್ನೂ ಒಂದೇ ಚಿತ್ರದಲ್ಲಿ ಹಾಕಬಹುದು, ಆಗ ಒಟ್ಟು ಮೊತ್ತದ ಅಳತೆ ಬೇರೊಂದು ಬದಿಗೆ ಬರುತ್ತದೆ. ಕಚೇರಿಯ ವರದಿಗೆ ಅದು ಚೆನ್ನ. ಸೈಟಿನ ಗೋಡೆಗೆ ಎರಡು ಅಳತೆಗಳಿರುವ ಚಿತ್ರ ಅಂಟಿಸಬೇಡಿ. ಯಾವ ಕಂಬಕ್ಕೆ ಯಾವ ಬದಿಯ ಅಂಕಿ ಎಂದು ವಿವರಿಸಲು ನೀವು ಸದಾ ಅಲ್ಲಿರುವುದಿಲ್ಲ.

ಹಲವು ತಂಡಗಳನ್ನು ಒಂದರ ಮೇಲೊಂದು ಪೇರಿಸಿ ತೋರಿಸುವ ಕಂಬಗಳಲ್ಲಿ ಪದರಗಳ ಕ್ರಮ ಮುಖ್ಯ. ಎಲ್ಲಕ್ಕಿಂತ ಕೆಳಗಿನ ಪದರಕ್ಕೆ ಮಾತ್ರ ನೇರವಾದ ತಳ ಇರುತ್ತದೆ. ಅದರ ಏರಿಳಿತ ಮಾತ್ರ ಕಣ್ಣಿಗೆ ಸರಿಯಾಗಿ ಕಾಣುತ್ತದೆ. ಕೆಳಗಿನ ಪದರ ಕುಣಿದರೆ ಮೇಲಿನವೆಲ್ಲ ಕುಣಿಯುತ್ತವೆ. ಆದ್ದರಿಂದ ಹೆಚ್ಚು ಬದಲಾಗದ ತಂಡವನ್ನು ತಳಕ್ಕೆ ಹಾಕಬೇಕು. ನಮ್ಮ ಕೆಲಸದಲ್ಲಿ ಅದು ಕೈಯಾಳುಗಳ ತಂಡ. ಅದರ ಮೇಲೆ ಕಲ್ಲು ಕಟ್ಟುವವರು, ಮೇಲೆ ಸೆಂಟ್ರಿಂಗ್, ತುದಿಯಲ್ಲಿ ಕಬ್ಬಿಣದವರು. ಪದರಗಳು ನಾಲ್ಕಕ್ಕಿಂತ ಹೆಚ್ಚಾದರೆ ಎರಡು ಚಿತ್ರ ಮಾಡುವುದು ಮೇಲು.

ಕೆಂಪು ಬಣ್ಣವನ್ನು ಒಂದೇ ಅರ್ಥಕ್ಕೆ ಮೀಸಲಿಡಿ: ಮಿತಿ ಮೀರಿದೆ. ಒಂದು ತಂಡದ ಗುರುತಿಗೂ ಕೆಂಪು ಬಳಸಿದರೆ ಎಚ್ಚರಿಕೆಗೆ ಬೆಲೆ ಇರುವುದಿಲ್ಲ. ಕೆಂಪು ಮತ್ತು ಹಸಿರನ್ನು ಅಕ್ಕಪಕ್ಕ ಇಡುವುದೂ ಬೇಡ. ಅವೆರಡನ್ನು ಬೇರ್ಪಡಿಸಿ ನೋಡಲಾಗದ ಗಂಡಸರು ನಮ್ಮ ನಡುವೆ ಕಡಿಮೆಯೇನಿಲ್ಲ, ಕಟ್ಟಡದ ಕೆಲಸದಲ್ಲಿ ಇರುವವರಲ್ಲಿ ಬಹುಪಾಲು ಗಂಡಸರೇ. ನೀಲಿ ಮತ್ತು ಕಿತ್ತಳೆ ಬಣ್ಣಗಳ ಜೋಡಿ ಬಹುತೇಕ ಎಲ್ಲರ ಕಣ್ಣಿಗೂ ಬೇರೆಯಾಗಿಯೇ ಕಾಣುತ್ತದೆ. ಊರಿನ ಜೆರಾಕ್ಸ್ ಅಂಗಡಿಯಲ್ಲಿ ಪ್ರತಿ ತೆಗೆದರೆ ಎಲ್ಲ ಬಣ್ಣವೂ ಬೂದು ಆಗುತ್ತದೆ. ಆಗ ಉಳಿಯುವುದು ನಮೂನೆ ಮಾತ್ರ. ಮಿತಿ ಮೀರಿದ ಭಾಗಕ್ಕೆ ಬಣ್ಣದ ಜೊತೆಗೆ ಓರೆಗೆರೆಯ ನಮೂನೆಯನ್ನೂ ಕೊಡುವುದು ಇದೇ ಕಾರಣಕ್ಕೆ.

ಮೂರು ಆಯಾಮದ ಕಂಬ ಎಂಬ ಆಯ್ಕೆ ಪಿ6ರಲ್ಲಿದೆ. ಅದನ್ನು ಮುಟ್ಟಬೇಡಿ. ದಪ್ಪ ಕೊಟ್ಟ ಕಂಬದ ತುದಿ ಯಾವ ಅಂಕಿಗೆ ತಾಗಿದೆ ಎಂದು ಹೇಳುವುದು ಕಷ್ಟ. ಅಡ್ಡಗೆರೆಗಳು ತೆಳುವಾದ ಚುಕ್ಕಿಯಲ್ಲಿರಲಿ, ಹಿನ್ನೆಲೆ ಬಿಳಿಯಾಗಿರಲಿ.

ಬೇಗ, ತಡ, ಮೂಲ

ಕಂಬಗಳಲ್ಲಿ ಜಾತಿಗಳಿವೆ. ಮೊದಲು ಒಪ್ಪಿದ ಯೋಜನೆ ಒಂದು, ಅದಕ್ಕೆ ಬೇಸ್‌ಲೈನ್ ಎನ್ನುತ್ತಾರೆ. ಈವರೆಗೆ ನಡೆದದ್ದು ಇನ್ನೊಂದು. ಉಳಿದ ಕೆಲಸವನ್ನು ಆದಷ್ಟು ಬೇಗ ಮಾಡಿದರೆ ಹೇಗೆ ಎಂಬುದು ಮೂರನೆಯದು. ಮುಗಿಯುವ ದಿನಾಂಕ ತಪ್ಪದಂತೆ ಆದಷ್ಟು ತಡವಾಗಿ ಮಾಡಿದರೆ ಹೇಗೆ ಎಂಬುದು ನಾಲ್ಕನೆಯದು. ಎಲ್ಲವನ್ನೂ ಒಮ್ಮೆಗೇ ತೋರಿಸಿದರೆ ಸಂತೆಯ ಗದ್ದಲ. ಕೊನೆಯ ಎರಡನ್ನು ಜೊತೆಯಾಗಿ ತೋರಿಸುವುದು ಮಾತ್ರ ಬಹಳ ಬೆಲೆಯುಳ್ಳದ್ದು. ಬೇಗದ ಕಂಬವನ್ನು ತುಂಬಿದ ನೀಲಿಯಲ್ಲಿ, ತಡದ ಕಂಬವನ್ನು ಬೂದು ಬಣ್ಣದಲ್ಲಿ ಇಟ್ಟರೆ, ಅವೆರಡರ ನಡುವಿನ ಅಂತರವೇ ನಮಗಿರುವ ಬಿಡುವು. ಮೂರನೆಯ ವಾರದ 22ರ ಕಂಬದ ಬೂದು ಜೋಡಿ 16ರಷ್ಟೇ ಇದ್ದರೆ, ಯಾವುದೋ ಕೆಲಸವನ್ನು ಮುಂದೆ ಸರಿಸುವ ಅವಕಾಶ ಇದೆ ಎಂದರ್ಥ. ಬೂದೂ 22 ಇದ್ದರೆ ಜನರನ್ನು ತರುವುದಲ್ಲದೆ ಬೇರೆ ದಾರಿಯಿಲ್ಲ.

ಇಲ್ಲಿ ನಮ್ಮ ಕಡೆಯ ಒಂದು ಗೆರೆಯನ್ನು ಹೇಳಲೇಬೇಕು. ತುಳು ಪಂಚಾಂಗದ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ 24 ಅಥವಾ 25ರ ಹೊತ್ತಿಗೆ, ಪತ್ತನಾಜೆ. ಯಕ್ಷಗಾನ ಮೇಳಗಳು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ದಿನ. ಮುಂಗಾರು ಕೇರಳಕ್ಕೆ ಕಾಲಿಡುವ ವಾಡಿಕೆಯ ದಿನ ಜೂನ್ 1. ಜೂನ್‌ನಿಂದ ಮುಂದೆ ಹೊರಗಿನ ಕೆಲಸಕ್ಕೆ ಎಷ್ಟು ದಿನ ಸಿಗುತ್ತದೆಂದು ಯಾರೂ ಲೆಕ್ಕ ಕೊಡಲಾರರು. ಹೀಗಾಗಿ ನಾನು ಹಾಳೆಯಲ್ಲಿ ಪತ್ತನಾಜೆಯ ದಿನಕ್ಕೆ ಒಂದು ದಪ್ಪ ನೆಟ್ಟಗೆರೆ ಹಾಕುತ್ತೇನೆ. ತಂತ್ರಾಂಶದಲ್ಲಿ ಕಂಬಗಳ ಭಾಗದಲ್ಲಿ ಬೇಕಾದ ದಿನಕ್ಕೆ ಗೆರೆ ಎಳೆಯುವುದು ಕಷ್ಟವಾದರೆ ಮುದ್ರಿಸಿದ ಮೇಲೆ ಸ್ಕೇಲ್ ಹಿಡಿದು ಎಳೆಯುತ್ತೇನೆ. "ಮೇ 25ಕ್ಕೆ ಮುಗಿಯಬೇಕು" ಎಂದರೆ ತಲೆಯಾಡಿಸಿ ಹೋಗುವವರು "ಪತ್ತನಾಜೆಗೆ ಮುಂಚೆ" ಎಂದರೆ ನಿಂತು ಲೆಕ್ಕ ಹಾಕುತ್ತಾರೆ. ಆ ಗೆರೆಯ ಬಲಕ್ಕೆ ಹೊರಗೋಡೆಯ ಕಂಬ ಒಂದು ಉಳಿದಿದ್ದರೂ ಎಲ್ಲರ ಕಣ್ಣೂ ಮೊದಲು ಅಲ್ಲಿಗೇ ಹೋಗುತ್ತದೆ.

ಎತ್ತರದ ಮೋಸ

ತಂತ್ರಾಂಶ ಲಂಬ ಅಕ್ಷವನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಅತಿ ಎತ್ತರದ ಕಂಬ ಚಿತ್ರದೊಳಗೆ ಹಿಡಿಯುವಂತೆ ಅಳತೆ ಬದಲಾಗುತ್ತದೆ. ಕಳೆದ ತಿಂಗಳ ಹಾಳೆಯಲ್ಲಿ ತುದಿ 30, ಈ ತಿಂಗಳ ಹಾಳೆಯಲ್ಲಿ ತುದಿ 15 ಇದ್ದರೂ ಎರಡರಲ್ಲೂ ದೊಡ್ಡ ಕಂಬ ಒಂದೇ ಎತ್ತರಕ್ಕೆ ಕಾಣಬಹುದು. ಎರಡು ಹಾಳೆಗಳನ್ನು ಪಕ್ಕದಲ್ಲಿಟ್ಟು ನೋಡುವವರಿಗೆ ಏನೂ ಬದಲಾಗಿಲ್ಲವೆಂಬ ಭಾವನೆ ಬರುತ್ತದೆ. ಹೋಲಿಸಲೇಬೇಕಾದ ಚಿತ್ರಗಳಿಗೆ ನಾನು ಮಾಹಿತಿಯನ್ನು ಎಕ್ಸೆಲ್‌ಗೆ ಒಯ್ಯುತ್ತೇನೆ. ಪಿ6ರ ಬಳಕೆಯ ಕೋಷ್ಟಕದಿಂದ ನಕಲಿಸಿ ಅಂಟಿಸಬಹುದು, ಪ್ರಾಜೆಕ್ಟ್‌ನಲ್ಲಿ ವಿಷುವಲ್ ರಿಪೋರ್ಟ್ಸ್ ನೇರವಾಗಿ ಎಕ್ಸೆಲ್‌ನಲ್ಲಿ ಚಿತ್ರ ತೆರೆದುಕೊಡುತ್ತದೆ. ಅಲ್ಲಿ ಅಕ್ಷದ ತುದಿಯನ್ನು 35 ಎಂದು ಕಟ್ಟಿಹಾಕಿ, ತಳವನ್ನು ಸೊನ್ನೆಗೇ ಬಿಟ್ಟರೆ ಪ್ರತಿ ತಿಂಗಳ ಚಿತ್ರವೂ ಒಂದೇ ಅಳತೆಗೋಲಿನಲ್ಲಿ ಬರುತ್ತದೆ. ಕಂಬಗಳ ಚಿತ್ರಕ್ಕೆ ತಳ ಸೊನ್ನೆಯೇ ಆಗಿರಬೇಕು. ತಳವನ್ನು 5ರಿಂದ ಶುರು ಮಾಡಿದರೆ 6 ಜನ ಇರುವ ವಾರ ಬರಿದಾಗಿ ಕಾಣುತ್ತದೆ.

ಇಷ್ಟೆಲ್ಲ ಮಾಡಿದ ಮೇಲೆ ಉಳಿಸಿಕೊಳ್ಳದಿದ್ದರೆ ಮರುದಿನ ಮತ್ತೆ ಮೊದಲಿನಿಂದ. ಪಿ6ರಲ್ಲಿ ಇದನ್ನು ಲೇಔಟ್ ಆಗಿ ಹೆಸರಿಟ್ಟು ಉಳಿಸಬೇಕು. ನಿಮಗೊಬ್ಬರಿಗೆ ಮಾತ್ರವೋ, ಆ ಯೋಜನೆಗೋ, ಎಲ್ಲರಿಗೂ ಕಾಣುವಂತೆಯೋ ಎಂದು ಆರಿಸಬಹುದು. ಪ್ರಾಜೆಕ್ಟ್‌ನಲ್ಲಿ ಆರ್ಗನೈಸರ್ ಮೂಲಕ ಆ ನೋಟವನ್ನು ಗ್ಲೋಬಲ್ ಕಡತಕ್ಕೆ ನಕಲಿಸಿದರೆ ಮುಂದಿನ ಕೆಲಸಕ್ಕೂ ಸಿಗುತ್ತದೆ. ನಾನು ಮೂರು ಉಳಿಸಿಟ್ಟಿದ್ದೇನೆ: ಮಾಲೀಕರ ತಿಂಗಳು, ಮೇಸ್ತ್ರಿಯ ವಾರ, ಸ್ಲ್ಯಾಬಿನ ದಿನ. ಹೆಸರು ನೋಡಿದರೆ ಯಾರಿಗೆ ಯಾವುದು ಎಂದು ಗೊತ್ತಾಗುತ್ತದೆ.

ಗೋಡೆಗೆ ಅಂಟಿಸುವ ಹಾಳೆ

ಕಾಸರಗೋಡಿನ ಸೈಟಿನಲ್ಲಿ ಭಾಷೆಯೂ ರೂಪದ ಒಂದು ಭಾಗ. ಕಲ್ಲು ಕಟ್ಟುವವರು ಕನ್ನಡ ಓದುತ್ತಾರೆ, ಮನೆಯಲ್ಲಿ ತುಳು. ಸಾಮಗ್ರಿ ತರುವವರು ಮಲಯಾಳ ಓದುತ್ತಾರೆ. ಸೆಂಟ್ರಿಂಗಿನವರಿಗೆ ಇವೆರಡೂ ಬಾರದು, ಹಿಂದಿಯಲ್ಲಿ ಮಾತಾಡುತ್ತಾರೆ. ಎಲ್ಲರೂ ಓದುವ ಲಿಪಿ ಒಂದೇ, 0ಯಿಂದ 9ರವರೆಗಿನ ಅಂಕಿಗಳು. ಆದ್ದರಿಂದ ಪ್ರತಿ ಕಂಬದ ತುದಿಯಲ್ಲಿ ಅಂಕಿ ಇರಲೇಬೇಕು, ಅಡ್ಡಗೆರೆ ಹಿಡಿದು ಎಡಬದಿಗೆ ಹೋಗಿ ಓದುವ ಕೆಲಸವನ್ನು ಯಾರ ಮೇಲೂ ಹೊರಿಸಬಾರದು. ಸೂಚಿಯಲ್ಲಿ ಸಂಪನ್ಮೂಲದ ಸಂಕೇತಗಳ ಬದಲು ಕಬ್ಬಿಣ, ಸೆಂಟ್ರಿಂಗ್, ಕಲ್ಲು ಎಂದು ಕನ್ನಡದಲ್ಲೂ ಮಲಯಾಳದಲ್ಲೂ ಬರೆದಿರಬೇಕು. ಪಿಡಿಎಫ್ ಮಾಡಿದ ಬಳಿಕ ಒತ್ತಕ್ಷರಗಳು ಸರಿಯಾಗಿ ಬಂದಿವೆಯೇ ಎಂದು ಒಮ್ಮೆ ಹಿಗ್ಗಿಸಿ ನೋಡಿ. ಅಕ್ಷರ ಒಡೆದಿದ್ದರೆ ಸೂಚಿಯನ್ನು ಬೇರೆ ಕಾಗದದಲ್ಲಿ ಮುದ್ರಿಸಿ ಅಂಟಿಸುವುದರಲ್ಲಿ ನಾಚಿಕೆಯೇನಿಲ್ಲ.

ಮಾಹಿತಿ ಯಾವ ದಿನದವರೆಗಿನದು ಎಂಬ ದಿನಾಂಕ ಹಾಳೆಯ ಮೂಲೆಯಲ್ಲಿ ದೊಡ್ಡದಾಗಿರಲಿ. ಎ3 ಹಾಳೆಯಲ್ಲಿ ಹನ್ನೆರಡು ವಾರಕ್ಕಿಂತ ಹೆಚ್ಚು ತುರುಕಬೇಡಿ.

ಮೇಸ್ತ್ರಿಯವರಿಗಾಗಿ ನಾನು ಮತ್ತೆ ಮಾಡಿಕೊಟ್ಟ ಹಾಳೆಯಲ್ಲಿ ಕಂಬಗಳ ಮೇಲೆ ನಾಲ್ಕು ಬೆರಳಿನಷ್ಟು ಜಾಗ ಖಾಲಿ ಬಿಟ್ಟಿದ್ದೆ. ಶನಿವಾರ ಸಂಜೆ ಬಟವಾಡೆ ಮುಗಿಸಿ ಹೋಗುವಾಗ ಅವರು ಆ ವಾರ ನಿಜವಾಗಿ ಬಂದವರ ಸಂಖ್ಯೆಯನ್ನು ಪೆನ್ಸಿಲಿನಲ್ಲಿ ಅಲ್ಲಿ ಬರೆಯುತ್ತಿದ್ದರು. ಕೆಳಗೆ ಮುದ್ರಿತ 14, ಮೇಲೆ ಪೆನ್ಸಿಲಿನ 11. ಸೋಮವಾರ ಬೆಳಿಗ್ಗೆ ಕಂಪ್ಯೂಟರ್ ತೆರೆಯುವ ಮೊದಲು ನಾನು ನೋಡುತ್ತಿದ್ದುದು ಆ ಪೆನ್ಸಿಲ್ ಅಂಕಿಗಳನ್ನು.